ಬುಟ್ಟಿಯ ಮೀನು, ನೀರಿನ ಮೀನು

ಕಲಘಟಗಿಯ ನಮ್ಮ ತೊಟ್ಟಿಲ ಕೆಲಸದ ಕೋಣೆಗೆ ಬಂದವರ ಕಣ್ಣು ಈಗ ಮೊದಲು ಬೀಳುವುದು ತೊಟ್ಟಿಲ ಮೇಲಲ್ಲ, ಕಿಟಕಿಯ ಪಕ್ಕದ ಮೊಳೆಗೆ ತೂಗುಬಿಟ್ಟ ಕಪ್ಪು ರಬ್ಬರಿನ ಕನ್ನಡಕದ ಮೇಲೆ. ಅದರ ಒಂದು ಬದಿಗೆ ನನ್ನ ಕುಂಚಗಳು, ಇನ್ನೊಂದು ಬದಿಗೆ ಅರಗಿನ ಬಣ್ಣದ ಕಡ್ಡಿಗಳು, ನಡುವೆ ಅರ್ಧ ಮುಖ ಮುಚ್ಚುವ ಈ ಗಾಜು. ಹುಬ್ಬಳ್ಳಿಯಿಂದ ಬಂದ ಗಿರಾಕಿಯೊಬ್ಬರು ಅದು ವೆಲ್ಡಿಂಗಿನದೇ ಎಂದು ಕೇಳಿದರು. ಮತ್ತೊಬ್ಬರು ಮಕ್ಕಳ ಆಟಿಕೆ ಇರಬೇಕೆಂದರು. ನಾನು ಐವತ್ತೆರಡು ವರ್ಷದ ಹೆಂಗಸು, ದಿನಾ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವವಳು, ಅದನ್ನು ಮುಖಕ್ಕೆ ಕಟ್ಟಿಕೊಂಡು ಸಮುದ್ರದ ತಳದಲ್ಲಿ ಮುಳುಗಿ ಕೂತ ಹಡಗನ್ನು ನೋಡಿ ಬಂದಿದ್ದೇನೆ ಎಂದರೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡುತ್ತಾರೆ. ಆಮೇಲೆ ತಮ್ಮ ತೊಟ್ಟಿಲು ಯಾವಾಗ ಸಿದ್ಧವಾಗುತ್ತದೆ ಎಂದು ಕೇಳುತ್ತಾರೆ.

ನೀವು ಹಾಗೆ ಮಾತು ತಿರುಗಿಸುವವರಲ್ಲ ಎಂಬ ನಂಬಿಕೆಯ ಮೇಲೆ ಇದನ್ನು ಬರೆಯಲು ಕೂತಿದ್ದೇನೆ.

ಮೊದಲು ನನ್ನ ಮತ್ತು ನೀರಿನ ಸಂಬಂಧ ಎಂಥದ್ದೆಂದು ಹೇಳಿಬಿಡಬೇಕು. ನಾನು ಬೆಳೆದದ್ದು ತಂಬೂರಿನಲ್ಲಿ. ಊರಿಗೆ ದೊಡ್ಡ ಕೆರೆಯಿದೆ. ಆ ಕೆರೆಯ ನಡುಭಾಗ ಗಂಡುಹುಡುಗರಿಗೆ ಮತ್ತು ಎಮ್ಮೆಗಳಿಗೆ ಸೇರಿದ್ದು, ನಮಗೆ ಹುಡುಗಿಯರಿಗೆ ಸೇರಿದ್ದು ಬಟ್ಟೆ ಒಗೆಯುವ ಕಲ್ಲು ಮತ್ತು ಪಾದ ಮುಳುಗುವಷ್ಟು ನೀರು. ಎಂಟನೇ ವಯಸ್ಸಿನಲ್ಲಿ ತೇಲಿಹೋದ ಸೋಪಿನ ಡಬ್ಬಿಯ ಹಿಂದೆ ನಾನು ಸೊಂಟದವರೆಗೆ ಇಳಿದಿದ್ದೆ. ಅವ್ವ ಜುಟ್ಟು ಹಿಡಿದು ಎಳೆದು ತಂದು ಕೆರೆಯಿಂದ ಮನೆಯವರೆಗೂ ಬೆನ್ನಿಗೆ ಬಾರಿಸುತ್ತ ಬಂದಳು. ಡಬ್ಬಿ ಸಿಕ್ಕಿತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮರುದಿನವೇ ಅವ್ವ ಪಂಚಾಂಗ ನೋಡುವವರ ಹತ್ತಿರ ಹೋಗಿ ನನಗೆ ನೀರಿನ ಗಂಡವಿದೆ, ಜೀವಕ್ಕೆ ನೀರಿನಿಂದಲೇ ಅಪಾಯ ಎಂದು ಕೇಳಿಸಿಕೊಂಡು ಬಂದಳು. ಅಲ್ಲಿಂದ ಮುಂದೆ ಕೆರೆಯ ದಾರಿ ಬಂದ್ ಆಯಿತು. ಬಚ್ಚಲಲ್ಲಿ ನಾನು ನಾಲ್ಕು ತಂಬಿಗೆ ಜಾಸ್ತಿ ಸುರಿದುಕೊಂಡರೂ ಅವ್ವ ಬಾಗಿಲು ಬಡಿಯುತ್ತಿದ್ದಳು. ಹೀಗಾಗಿ ಈಜು ಎಂಬುದು ನನಗೆ ಇವತ್ತಿಗೂ ಬರುವುದಿಲ್ಲ.

ನನಗೆ ಬರುವುದು ಬಣ್ಣ. ಅಪ್ಪ ತಂಬೂರಿನಿಂದ ಬಸ್ಸಿನಲ್ಲಿ ಕಲಘಟಗಿಗೆ ಬಂದು ತೊಟ್ಟಿಲಿಗೆ ಬಣ್ಣ ಹಾಕುತ್ತಿದ್ದ. ಹತ್ತನೇ ವಯಸ್ಸಿಗೆ ನನ್ನ ಕೈಗೂ ಕುಂಚ ಕೊಟ್ಟ. ಮದುವೆಯಾಗಿ ಬಂದದ್ದೂ ತೊಟ್ಟಿಲು ಮಾಡುವ ಮನೆಗೇ. ನಮ್ಮ ಮನೆಯವರು ಕಟ್ಟಿಗೆ ಕೆಲಸ ಮಾಡುತ್ತಾರೆ, ನಾನು ಬಣ್ಣ ಹಾಕುತ್ತೇನೆ. ಅಪ್ಪ ಕಲಿಸಿದ್ದು ಎರಡೇ ಪಾಠ. ಒಂದು, ನಮ್ಮ ಅರಗಿನ ಕೆಂಪು. ಮನುಷ್ಯ ಹೋದರೂ ಬಣ್ಣ ಹೋಗಬಾರದು ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ಹೋಗಿಲ್ಲ. ಎರಡು, ಚಿತ್ರಕ್ಕೆ ಕಣ್ಣು ಕಟ್ಟಕಡೆಗೆ. ಬೆಳಗ್ಗೆ ಸ್ನಾನ ಮಾಡಿ, ಪೂರ್ವಕ್ಕೆ ಮುಖ ಮಾಡಿ ಕೂತು, ಉಸಿರು ಬಿಗಿಹಿಡಿದು ಕಣ್ಣು ಬರೆಯಬೇಕು. ಕಣ್ಣು ಬರೆಯುವ ತನಕ ಅದು ಬರಿ ಹಲಗೆ.

ತೊಟ್ಟಿಲಿನ ಉದ್ದನೆಯ ಹಲಗೆಯ ಮೇಲ್ಭಾಗದಲ್ಲಿ ಕೃಷ್ಣ, ಗೋವು, ಗಿಳಿ ಎಲ್ಲ ಬರುತ್ತವೆ. ಕೆಳಗಿನ ಪಟ್ಟಿಯಲ್ಲಿ ನೀರು, ನೀರಿನಲ್ಲಿ ಮೀನು. ಆ ಮೀನನ್ನು ಅಪ್ಪ ಕಲಿತದ್ದು ಸಂತೆಯಲ್ಲಿ. ಮಂಗಳವಾರ ಮೀನಿನವಳ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಚುರುಮರಿ ಕಾಗದದ ಮೇಲೆ ಪೆನ್ಸಿಲಿನಿಂದ ಗೀಚುತ್ತಿದ್ದ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಕೊಳ್ಳದೆ ಬರಿ ನೋಡುವ ಈ ಗಿರಾಕಿಯನ್ನು ಕಂಡು ಅವಳಿಗೆ ಸಿಟ್ಟು ಬಂದು, ನೋಡಿ ನೋಡಿ ಮೀನಿಗೆ ದೃಷ್ಟಿಯಾಗುತ್ತದೆ, ಏಳು ಎಂದು ಒಮ್ಮೆ ನೀರು ಎರಚಿದ್ದಳು. ಆ ಕಾಗದದ ಮೀನೇ ನನಗೆ ಬಂತು. ಮೂವತ್ತು ವರ್ಷ ಅದನ್ನೇ ಬರೆದೆ. ಬಾಯಿ ತುಸು ತೆರೆದಿರುವ, ಮೈ ನೀಟಾಗಿರುವ, ಹೊಳೆಯುವ ಮೀನು. ಅದರ ಬಗ್ಗೆ ನನಗೆ ಬಹಳ ಜಂಬವಿತ್ತು.

ನಮ್ಮ ಮಗಳು ಗಿರಿಜಾ ನರ್ಸ್ ಕೆಲಸಕ್ಕೆಂದು ಕಾರವಾರದ ಕಡೆಗೆ ಹೋದವಳು ಅಲ್ಲಿಯ ಬಂದರಿನ ಊರಿನ ದೀಪಕನನ್ನು ಮೆಚ್ಚಿ ಮದುವೆಯಾದಳು. ದೀಪಕನ ಕೆಲಸವೇನೆಂದು ನೆಂಟರು ಕೇಳಿದರೆ ಹೇಳಲು ನಮಗೆ ಒದ್ದಾಟ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಜನರನ್ನು ಸಮುದ್ರದೊಳಗೆ ಕರೆದೊಯ್ದು ತೋರಿಸಿ ತರುವುದು. ಸ್ಕೂಬಾ ಡೈವಿಂಗ್ ಎನ್ನುತ್ತಾರೆ. ಮುಳುಗಿಸುವುದಕ್ಕೂ ಪಗಾರ ಕೊಡುತ್ತಾರೇನು ಎಂದು ನಮ್ಮ ಮನೆಯವರು ಮೊದಲ ವರ್ಷವೆಲ್ಲ ಆಶ್ಚರ್ಯಪಟ್ಟರು. ಅವನ ಅಪ್ಪ, ನಮ್ಮ ಬೀಗರು, ನಲವತ್ತು ವರ್ಷ ಬಲೆ ಎಳೆದವರು. ಮಾತು ಕಡಿಮೆ.

ಇನ್ನು ಅಳಿಯನ ವಿಷಯ. ಅಳಿಯ ಅಲ್ಲ ಮಗಳ ಗಂಡ ಎಂದು ನಗೆಯಾಡುತ್ತೇವೆ, ಆದರೆ ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಡೆದುಕೊಳ್ಳುವ ರೀತಿಯೇ ಬೇರೆ. ತಲೆಯ ಮೇಲಿನ ಸೆರಗು ಜಾರಬಾರದು. ಎದುರಿಗೆ ಕುರ್ಚಿಯಲ್ಲಿ ಕೂರಬಾರದು. ಮಾತಿದ್ದರೆ ಬಾಗಿಲ ಮರೆಯಿಂದ, ಅದೂ ಬಹುವಚನದಲ್ಲಿ. ಮದುವೆಯಾಗಿ ಎರಡು ವರ್ಷ ಕಳೆದರೂ ನಾನು ದೀಪಕನ ಮುಖವನ್ನು ನೆಟ್ಟಗೆ ನೋಡಿರಲಿಲ್ಲ. ಅವನ ಕಾಲಿನ ಚಪ್ಪಲಿಗಳು ಮಾತ್ರ ನನಗೆ ಚೆನ್ನಾಗಿ ಗೊತ್ತಿದ್ದವು.

ಕಳೆದ ಡಿಸೆಂಬರಿನಲ್ಲಿ ಗಿರಿಜಾಳ ಏಳನೇ ತಿಂಗಳ ಸೀಮಂತದ ಕುಬಸಕ್ಕೆ ಬೀಗರ ಊರಿಗೆ ಹೋದೆವು. ಹಸಿರು ಸೀರೆ, ಹಸಿರು ಬಳೆ, ಹೋಳಿಗೆ, ಕರಿಗಡಬು ಎಲ್ಲ ಕಟ್ಟಿಕೊಂಡಿದ್ದೆವು. ಅದರ ಜೊತೆಗೆ ನಾನು, ಯಾರೂ ಕೇಳದೆ, ಹುಟ್ಟುವ ಕೂಸಿನ ತೊಟ್ಟಿಲಿನ ಒಂದು ಉದ್ದ ಹಲಗೆಯನ್ನೂ ಬಣ್ಣ ಹಾಕಿ, ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಸಮುದ್ರದ ಮನೆಯವರಿಗೆಂದು ಈ ಸಲ ಕೃಷ್ಣನಿಗೆ ಜಾಗ ಕಡಿಮೆ ಮಾಡಿ ಮೀನುಗಳನ್ನೇ ತುಂಬಿದ್ದೆ. ಒಂದಲ್ಲ, ಹನ್ನೊಂದು ಮೀನು. ಆರತಿಯಾದ ಮೇಲೆ ಹಲಗೆ ಬಿಚ್ಚಿದೆ. ನೆರೆಯ ಹೆಂಗಸರೆಲ್ಲ ಮುಟ್ಟಿ ನೋಡಿ ಹೊಗಳಿದರು. ಬೀಗರು ಅದನ್ನು ಕಿಟಕಿಯ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದರು.

"ಬಣ್ಣ ಭಾರೀ ಚೆಂದ ಉಂಟು ಬೀಗತಿಯವರೇ," ಅಂದರು. "ಆದರೆ ಈ ಮೀನು ಸತ್ತದ್ದು. ಬುಟ್ಟೀಲಿ ಬಿದ್ದ ಮೀನು ಹೀಂಗೇ ಇರ್ತದೆ. ನೀರಲ್ಲಿ ಇದ್ದದ್ದು ಹೀಂಗೆ ಇರೂದಿಲ್ಲ."

ಅವರು ಕುಹಕದಿಂದ ಹೇಳಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿ ಹಲಗೆಯನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟರು. ಆದರೆ ಹಲಗೆ ಮುಟ್ಟಿ ಹೊಗಳಿದ್ದ ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡರು. ಕೂಸಿನ ತೊಟ್ಟಿಲಿಗೆ ಸತ್ತದ್ದು! ಹನ್ನೊಂದು! ನನಗೆ ಮೊದಲು ಬೀಗರ ಮೇಲೆ ಸಿಟ್ಟು ಬಂತು, ಆಮೇಲೆ ಸಂತೆಯ ಬುಟ್ಟಿಯ ಮುಂದೆ ಕೂತ ಅಪ್ಪ ಕಣ್ಣಿಗೆ ಬಂದ, ಅದಾದ ಮೇಲೆ ನಾಚಿಕೆ. ಏಕೆಂದರೆ ಹಲಗೆಯನ್ನು ಇನ್ನೊಮ್ಮೆ ನೋಡಿದಾಗ ಅವರು ಹೇಳಿದ್ದು ನಿಜವೆಂದು ನನಗೇ ಕಂಡಿತು. ಎಲ್ಲಿ ತಪ್ಪಿದೆ ಎಂದು ಮಾತ್ರ ತಿಳಿಯಲಿಲ್ಲ. ಸಾಲಾಗಿ ಹನ್ನೊಂದು ಮೀನು ಮಾರಾಟಕ್ಕಿದ್ದವು. ಮೂವತ್ತು ವರ್ಷದಲ್ಲಿ ಎಷ್ಟು ಕೂಸುಗಳನ್ನು ಇವುಗಳ ಬಾಜು ಮಲಗಿಸಿದ್ದೇನೋ ಎಂದು ಎಣಿಸಲು ಹೋಗಿ ಬಿಟ್ಟೆ.

ನಮ್ಮ ಮನೆಯವರು ಸಮಾಧಾನಕ್ಕೆ, ಮೀನು ಬಿಟ್ಟು ಗಿಳಿ ಬರೆದರಾಯಿತು ಎಂದರು. ಗಿಳಿ ಬರೆದರೆ ನಾನು ಸೋತ ಹಾಗೆ. ಅಷ್ಟಕ್ಕೂ ನನ್ನ ಮೊದಲ ಮೊಮ್ಮಗುವಿನ ತೊಟ್ಟಿಲು ಅದು, ಬದುಕಿದ ಮೀನೇ ಆಗಬೇಕು. ಆದರೆ ಸಮುದ್ರದ ಬದುಕಿದ ಮೀನನ್ನು ಅದರ ಮನೆಯಲ್ಲಿ ನಾನು ಎಲ್ಲಿ ನೋಡಲಿ?

ಆಗ ಬಾಗಿಲ ಆಚೆಯಿಂದ ಚಪ್ಪಲಿಗಳ ಸಪ್ಪಳವಾಗಿ ದೀಪಕ ಮಾತಾಡಿದ. ಇನ್ನೆರಡು ದಿನ ನೀರು ತಿಳಿಯಾಗಿರುತ್ತದೆ, ನಂತರ ಗಾಳಿ ಏಳುವ ಸೂಚನೆಯಿದೆ, ದೋಣಿ ಬಿಡುವುದಿಲ್ಲ. ಅತ್ತೆ ಒಪ್ಪಿದರೆ ನಾಳೆ ದಂಡೆಯಲ್ಲಿ ಕಲಿಸಿ ನಾಡಿದ್ದು ಮುಳುಗಿದ ಹಡಗಿನ ಹತ್ತಿರ ಕರೆದೊಯ್ಯುತ್ತೇನೆ, ಈಜು ಬರಬೇಕೆಂದಿಲ್ಲ, ತಾನು ಕೈ ಬಿಡುವುದಿಲ್ಲ ಎಂದ. ನಾನು ಹೇಗೂ ಒಲ್ಲೆ ಎನ್ನುತ್ತೇನೆಂಬ ಧೈರ್ಯದ ಮೇಲೆ ನಮ್ಮ ಮನೆಯವರು ನಕ್ಕು, ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಗಾದೆ ಹೊಡೆದರು. ಗಾದೆಯಿಂದ ಗಂಡಂದಿರು ಎಷ್ಟು ಸಲ ಸಿಕ್ಕಿಬಿದ್ದಿದ್ದಾರೋ.

"ಬರ್ತೀನ್ರಿ," ಅಂದೆ.

ಮೂರನೇ ದಿನ ಗಿರಿಜಾಳನ್ನು ಕರೆದುಕೊಂಡು ಊರಿಗೆ ಹೊರಡಬೇಕು. ಹೆರಿಗೆಯೊಳಗೆ ತೊಟ್ಟಿಲು ಮುಗಿಯಬೇಕು. ಅಂದರೆ ಇರುವುದು ಒಂದೇ ಅವಕಾಶ. ಅಲ್ಲಿಯ ಡಾಕ್ಟರು ನನ್ನ ರಕ್ತದೊತ್ತಡ, ಕಿವಿ, ಎದೆ ಎಲ್ಲ ನೋಡಿ, ಏಕೆ ಎಂದು ಕೇಳಿ, ಕೇಳಿದ್ದನ್ನು ನಂಬಲಿಕ್ಕಾಗದೆ ಮತ್ತೊಮ್ಮೆ ಕೇಳಿ, ಸಹಿ ಹಾಕಿದರು. ಅವ್ವ ಇದ್ದಿದ್ದರೆ ಡಾಕ್ಟರರ ಬೆನ್ನಿಗೂ ಬಾರಿಸುತ್ತಿದ್ದಳು.

ಮರುದಿನ ಗಿರಿಜಾ ನನಗೆ ರಬ್ಬರಿನ ಅಂಗಿ ತೊಡಿಸಿದಳು. ತೊಡಿಸಿದಳು ಎಂದರೆ ಸುಲಭವಾಗಿ ಕೇಳಿಸುತ್ತದೆ. ಅರ್ಧ ತಾಸು ಬೇಕಾಯಿತು. ತನ್ನ ಹೊಟ್ಟೆ ಹಿಡಿದುಕೊಂಡು ನಗುತ್ತ, ಕೂತು ಸುಧಾರಿಸಿಕೊಳ್ಳುತ್ತ, ಮತ್ತೆ ಎದ್ದು ಎಳೆಯುತ್ತ ಅಂತೂ ಬೆನ್ನಿನ ಜಿಪ್ ಏರಿಸಿದಳು. ಕನ್ನಡಿ ನೋಡಬೇಡ ಎಂದಳು, ನೋಡಿದೆ. ಆಮೇಲೆ ನನ್ನ ತಕರಾರು ಶುರುವಾಯಿತು: ಈ ವೇಷದಲ್ಲಿ ಅಳಿಯನ ಎದುರು ಹೋಗುವುದು ಹೇಗೆ? ಕಡೆಗೆ ಒಂದು ಪಂಚೆಯನ್ನು ತಲೆಯಿಂದ ಮೊಣಕಾಲಿನವರೆಗೆ ಹೊದ್ದುಕೊಂಡು ದಂಡೆಗೆ ನಡೆದೆ. ದೀಪಕನೂ ಸಂಕೋಚದ ಹುಡುಗ. ನನಗೆ ಬೆನ್ನು ಮಾಡಿ, ಸಮುದ್ರಕ್ಕೆ ಮುಖ ಮಾಡಿ ಪಾಠ ಹೇಳಿದ. ನಾನು ಅವನ ಬೆನ್ನಿಗೆ ಹೌದ್ರಿ, ಹೂನ್ರಿ ಎಂದು ಉತ್ತರ ಕೊಟ್ಟೆ. ಕೈಸನ್ನೆ ಕಲಿಸುವ ಹೊತ್ತಿಗೆ ಇದು ನಡೆಯುವ ಮಾತಲ್ಲ ಎಂದು ಇಬ್ಬರಿಗೂ ತಿಳಿಯಿತು. ತಿರುಗಿದ. ಆಗ ಮೊದಲ ಸಲ ನಮ್ಮ ಅಳಿಯನ ಮುಖ ನೋಡಿದೆ. ಗಿರಿಜಾಳ ಆಯ್ಕೆ ತಪ್ಪಿರಲಿಲ್ಲ.

ನೀರೊಳಗೆ ಮೊದಲ ನಿಯಮ, ಎಂದೂ ಉಸಿರು ಹಿಡಿಯಬಾರದು. ಎಳೆಯಬೇಕು, ಬಿಡಬೇಕು, ಅಷ್ಟೇ. ಇದೇನು ದೊಡ್ಡದು ಎಂದುಕೊಂಡೆ. ಎದೆಮಟ್ಟದ ನೀರಿನಲ್ಲಿ ಮುಖ ಮುಳುಗಿಸಿ ಮೊಣಕಾಲೂರಿ ಕೂತೆ. ಗಾಳಿ ಬಂತು. ಗುಳುಗುಳು ಗುಳ್ಳೆ ಹೋದವು. ಅಷ್ಟರಲ್ಲಿ ಹಳದಿ ಮೈಗೆ ಕಪ್ಪು ಪಟ್ಟೆಯ ಬೆರಳುದ್ದದ ಮೀನೊಂದು ಗಾಜಿನ ಹತ್ತಿರ ಬಂದು ನನ್ನನ್ನು ನೋಡಿತು. ನಾನು ಅದರ ಕಣ್ಣು ನೋಡಿದೆ. ನಲವತ್ತು ವರ್ಷದ ಅಭ್ಯಾಸ ನೋಡಿ, ಕಣ್ಣು ಕಂಡ ಕೂಡಲೇ ಉಸಿರು ತಾನಾಗಿ ನಿಂತುಬಿಟ್ಟಿತು. ಎದೆ ತುಂಬ ಗಾಳಿ ಹಿಡಿದವಳು ಮೆಲ್ಲಗೆ ಮೇಲೆದ್ದು ದಂಡೆಯಲ್ಲಿ ಕೂತ ಜನರ ಮುಂದೆ ತೇಲಿದೆ. ನಾಲ್ಕು ಸಲ ಹೀಗೇ ಆಯಿತು. ಮೀನು ಬಂದರೆ ಅತ್ತೆ ಮೇಲೆ. ದೀಪಕ ನಗು ತಡೆದುಕೊಂಡು, ನೋಡುವುದು ನೋಡಿ, ಉಸಿರಾಡುವುದು ನಿಲ್ಲಿಸಬೇಡಿ ಎಂದ. ಐದನೇ ಸಲ, ಜೀವನದಲ್ಲಿ ಮೊದಲ ಬಾರಿಗೆ, ಉಸಿರಾಡುತ್ತ ಒಂದು ಕಣ್ಣನ್ನು ನೋಡಿದೆ. ಗಾಜಿನೊಳಗೆ ನೀರು ಹೊಕ್ಕರೆ ಮೇಲಿನ ಅಂಚು ಒತ್ತಿ ಹಿಡಿದು ಮೂಗಿನಿಂದ ಜೋರಾಗಿ ಗಾಳಿ ಬಿಟ್ಟು ಹೊರಹಾಕುವುದನ್ನೂ ಸಂಜೆಯೊಳಗೆ ಕಲಿಸಿದ.

ಮೂರನೆಯ ದಿನಕ್ಕೆ ಗಾಳಿ ಎಂದಿದ್ದನಲ್ಲ, ಎರಡನೆಯ ದಿನ ಬೆಳಗ್ಗೆ ದೋಣಿ ಹತ್ತಿದೆವು. ನಮ್ಮ ಮನೆಯವರು ನನ್ನನ್ನು ಕಾಯಲೆಂದು ಬಂದವರು ಬಂದರು ದಾಟುವಷ್ಟರಲ್ಲಿ ನಿಂಬೆಹಣ್ಣು ಮೂಸುತ್ತ ದೋಣಿಯ ಅಂಚಿಗೆ ಒರಗಿದರು. ಅವರನ್ನು ನಾವೇ ಕಾಯಬೇಕಾಯಿತು. ದಾರಿಯಲ್ಲಿ ದೀಪಕ ಹಡಗಿನ ಕಥೆ ಹೇಳಿದ. ಮನೆಯ ಹಂಚು ತುಂಬಿಕೊಂಡು ಹೋಗುತ್ತಿದ್ದ ಸರಕಿನ ಹಡಗು, ಬಿರುಗಾಳಿಗೆ ಬಂಡೆ ಬಡಿದು ಕೂತದ್ದು, ಅವನ ಅಪ್ಪ ಹುಟ್ಟುವುದಕ್ಕೂ ಮೊದಲು. ಊರಿನ ಬಲೆಗಳೆಲ್ಲ ಅದಕ್ಕೆ ಸಿಕ್ಕಿ ಹರಿಯುತ್ತವೆ. ಬೀಗರು ನಲವತ್ತು ವರ್ಷ ಅದನ್ನು ಬೈದಿದ್ದಾರೆ. ಆದರೆ ಮೀನುಗಳಿಗೆ ಅದೇ ಊರು. ಒಂದು ತೆಂಗಿನ ಮರದಷ್ಟು ಆಳ.

ನಾನು ನನ್ನ ಬಣ್ಣದ ಪಟ್ಟಿಯನ್ನು ಮಣಿಕಟ್ಟಿಗೆ ದಾರದಿಂದ ಕಟ್ಟಿಕೊಂಡಿದ್ದೆ. ಗೇಣುದ್ದದ ಸಾಗವಾನಿ ಪಟ್ಟಿ, ಅದರ ಮೇಲೆ ನಮ್ಮ ಏಳೂ ಬಣ್ಣ ಸಾಲಾಗಿ ಹಚ್ಚಿರುತ್ತೇವೆ. ಗಿರಾಕಿ ಯಾವ ಸೀರೆ ತೋರಿಸಿ ಈ ಬಣ್ಣ ಬೇಕೆಂದರೂ ಪಟ್ಟಿಯನ್ನು ಬಾಜು ಹಿಡಿದು ಹೊಂದಿಸುವುದು ನಮ್ಮ ಪದ್ಧತಿ. ನೀರೊಳಗೆ ಬರೆಯಲಾಗದು, ಮೀನಿನ ಬಾಜು ಪಟ್ಟಿ ಹಿಡಿದರೆ ಬಣ್ಣ ನೆನಪಿರುತ್ತದೆ ಎಂದು ನನ್ನ ಲೆಕ್ಕ.

ಏಣಿ ಹಿಡಿದು ನೀರಿಗಿಳಿದೆ. ಲಂಗರಿನ ಹಗ್ಗ ಹಿಡಿದು ಕೈಮೇಲೆ ಕೈ ಬದಲಿಸುತ್ತ ಕೆಳಗೆ. ಕಿವಿ ನೋಯುತ್ತದೆ, ಮೂಗು ಹಿಡಿದು ಊದುತ್ತೇನೆ, ಟಪ್ಪನೆ ಬಿಡುತ್ತದೆ. ಮೇಲೆ ದೋಣಿಯ ಹೊಟ್ಟೆ ಸಣ್ಣದಾಗುತ್ತದೆ. ಎಲ್ಲೆಲ್ಲೂ ಹಸಿರು. ಅರ್ಧ ದಾರಿಯಲ್ಲಿ ದೀಪಕ ತಡೆದು, ನಾನು ಸರಿಯಿದ್ದೇನೋ ಎಂದು ನೋಡಲು ನನ್ನ ಮುಖದ ಹತ್ತಿರ, ಒಂದು ಮೊಳದ ಅಂತರಕ್ಕೆ ಬಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅಳಿಯ! ಇಷ್ಟು ಹತ್ತಿರ! ನನ್ನ ಬಲಗೈ ತಾನಾಗಿ ಮೇಲೆದ್ದು ಸೆರಗು ಎಳೆದುಕೊಳ್ಳಲು ತಲೆಗೆ ಹೋಯಿತು. ಸೆರಗಿನ ಜಾಗದಲ್ಲಿ ಕನ್ನಡಕದ ಪಟ್ಟಿ ಸಿಕ್ಕಿತು. ಎಳೆದೆ. ಗಾಜು ಓರೆಯಾಗಿ ಉಪ್ಪುನೀರು ಕಣ್ಣಿಗೆ, ಮೂಗಿಗೆ ನುಗ್ಗಿತು.

ಏನೂ ಕಾಣುವುದಿಲ್ಲ, ಅವ್ವನ ನೀರಿನ ಗಂಡ ಇದೇ ಎಂದು ಖಾತ್ರಿಯಾಯಿತು. ದೀಪಕನ ಕೈ ನನ್ನ ತೋಳು ಗಟ್ಟಿಯಾಗಿ ಹಿಡಿದಿತ್ತು. ಅವನ ಇನ್ನೊಂದು ಕೈ ಮಂಜುಮಂಜಾಗಿ ಕಂಡಿತು, ಹೆಬ್ಬೆರಳು ಮೇಲಕ್ಕೆ. ಮೇಲೆ ಹೋಗೋಣ ಎಂಬ ಸನ್ನೆ. ಹೋದರೆ ಮುಗಿಯಿತು. ಗಾಳಿ ಬರುತ್ತದೆ, ಊರಿಗೆ ಬಸ್ಸು ಹೊರಡುತ್ತದೆ, ನಾನು ಉಳಿದ ಕಾಲವೆಲ್ಲ ಗಿಳಿ ಬರೆಯುತ್ತೇನೆ. ಬೇಡವೆಂದು ಕೈಯಾಡಿಸಿದೆ. ಕನ್ನಡಕವನ್ನು ಮುಖಕ್ಕೆ ಒತ್ತಿ, ಮೇಲಿನ ಅಂಚು ಹಿಡಿದು, ಮೂಗಿನಿಂದ ಗಾಳಿ ಬಿಟ್ಟೆ. ನೀರು ತುಸು ಇಳಿಯಿತು. ಇನ್ನೊಮ್ಮೆ ಬಿಟ್ಟೆ. ಗಾಜು ತಿಳಿಯಾಯಿತು.

ಎದುರಿಗೆ ಹಡಗಿತ್ತು.

ಒಂದು ಪಕ್ಕಕ್ಕೆ ವಾಲಿ ಮಲಗಿದ್ದ ಅದರ ಕಬ್ಬಿಣದ ಪಕ್ಕೆಲುಬುಗಳು ಮೇಲಕ್ಕೆ ಎದ್ದಿದ್ದವು. ಅವುಗಳ ನಡುವೆ ಹಂಚಿನ ರಾಶಿ, ಇನ್ನೂ ಜೋಡಿಸಿಟ್ಟ ಸಾಲು ಕೆಟ್ಟಿರಲಿಲ್ಲ. ಮತ್ತೆ ಎಲ್ಲಿ ನೋಡಿದರಲ್ಲಿ ಮೀನು. ಹಂಚಿನ ಸಂದಿಯಿಂದ ಇಣುಕುವವು, ಕಿಟಕಿಯ ತೂತಿನಿಂದ ಒಳಹೊರಗೆ ಓಡಾಡುವವು, ನನ್ನ ಹೊಟ್ಟೆಯ ಕೆಳಗಿಂದ ಹಾಯುವವು. ನೂರಾರು ಬೆಳ್ಳಿಯಂಥ ಮೀನುಗಳ ಗುಂಪೊಂದು ಬಂತು, ನಮ್ಮನ್ನು ಕಂಡಿತು, ಎಲ್ಲ ಒಂದೇ ಸಲ ತಿರುಗಿದವು. ಒಂದು ರಂಧ್ರದಲ್ಲಿ ಹಾವಿನಂಥ ಮೀನು ಬಾಯಿ ತೆರೆದು ಮುಚ್ಚುತ್ತ ಕೂತಿತ್ತು, ಊರ ಕಟ್ಟೆಯ ಮೇಲಿನ ಹಿರಿಯರ ಹಾಗೆ. ಕುರಿಮರಿಯಷ್ಟು ದೊಡ್ಡದೊಂದು ಮೀನು ನೆರಳಿನಲ್ಲಿ ಸುಮ್ಮನೆ ನಿಂತಿತ್ತು. ಬೆರಳುದ್ದದ ಪುಟ್ಟ ಮೀನು ಅದರ ದವಡೆಯೊಳಗೆ ಹೊಕ್ಕು ಹಲ್ಲು ಸ್ವಚ್ಛ ಮಾಡಿ ನಿಶ್ಚಿಂತೆಯಿಂದ ಹೊರಬಂತು. ನಾನು ನಗಲು ಹೋಗಿ ಒಂದಷ್ಟು ಉಪ್ಪುನೀರು ಕುಡಿದೆ. ಹೇ, ಉಸಿರು! ಉಸಿರು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆಗ ಕಂಡಿತು. ಎಲ್ಲಿ ತಪ್ಪಿದ್ದೆನೋ ಅದು ಕಂಡಿತು. ಬದುಕಿದ ಮೀನು ರೆಕ್ಕೆ ಮುಚ್ಚುವುದೇ ಇಲ್ಲ. ಸುಮ್ಮನೆ ನಿಂತಾಗಲೂ ಎದೆಯ ರೆಕ್ಕೆ ಬೀಸುತ್ತದೆ, ಬೆನ್ನಿನದು ನೆಟ್ಟಗೆ ಏಳುತ್ತದೆ, ಬಾಲ ತುಸು ಬಾಗಿರುತ್ತದೆ. ಬುಟ್ಟಿಯ ಮೀನಿನ ರೆಕ್ಕೆಗಳೆಲ್ಲ ಒದ್ದೆಯಾಗಿ ಮೈಗೆ ಅಂಟಿರುತ್ತವೆ. ಅದಕ್ಕೇ ನಮ್ಮ ಮೀನು ಅಷ್ಟು ನೀಟು. ಅಪ್ಪನಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ. ನೀರೊಳಗೇ ನನ್ನ ಕಣ್ಣು ತುಂಬಿ ಬಂದವು.

ಇನ್ನು ಬಣ್ಣ. ಹಂಚಿನ ರಾಶಿಯ ಅಂಚಿನಲ್ಲಿ ಒಂದು ವಿಚಿತ್ರ ಮೀನು ನಿಧಾನವಾಗಿ ತೇಲುತ್ತಿತ್ತು. ಮೈತುಂಬ ಪಟ್ಟೆ, ಎರಡೂ ಬದಿಗೆ ಬೀಸಣಿಗೆಯಂತೆ ಬಿಚ್ಚಿದ ರೆಕ್ಕೆ, ಬೆನ್ನ ಮೇಲೆ ಉದ್ದುದ್ದ ಕಡ್ಡಿಗಳು. ಅದರ ಪಟ್ಟೆಗಳು ಕಂದುಗಪ್ಪಾಗಿ ಕಂಡವು. ಹೊಂದಿಸಿ ನೋಡಲು ಪಟ್ಟಿ ಎತ್ತಿದೆ. ನೀಲಿ ಇತ್ತು. ಹಸಿರು ಇತ್ತು. ಕೆಂಪು ಇರಲಿಲ್ಲ. ಕೆಂಪಿನ ಜಾಗದಲ್ಲಿ ಸಗಣಿಯ ಬಣ್ಣ.

ನನ್ನ ಜೀವವೇ ಹೋದ ಹಾಗಾಯಿತು. ಮನುಷ್ಯ ಹೋದರೂ ಹೋಗಬಾರದ ಬಣ್ಣ, ಒಂದು ತೆಂಗಿನ ಮರದ ಆಳಕ್ಕೆ ಕಾಲು ತಾಸಿನಲ್ಲಿ ತೊಳೆದುಹೋಯಿತು! ಸಮುದ್ರದ ಉಪ್ಪಿಗೆ ಅರಗು ಕರಗಿದೆ. ಮೀನನ್ನೂ ಮರೆತು ಬೆರಳಿನಿಂದ ತಿಕ್ಕಿದೆ, ಉಗುರಿನಿಂದ ಕೆರೆದೆ. ದೀಪಕನಿಗೆ ಪಟ್ಟಿ ತೋರಿಸಿ ಅಳುವುದೊಂದು ಬಾಕಿ. ಅವನು ಪಟ್ಟಿ ನೋಡಿದ, ನನ್ನನ್ನು ನೋಡಿದ, ಅರ್ಥವಾದವನಂತೆ ಸೊಂಟದ ಬ್ಯಾಟರಿ ತೆಗೆದು ಪಟ್ಟಿಯ ಮೇಲೆ ಬೆಳಕು ಬಿಟ್ಟ.

ಕೆಂಪು! ಅಪ್ಪನ ಕೆಂಪು, ಎಲ್ಲಿಗೂ ಹೋಗಿರಲಿಲ್ಲ, ಧಗಧಗ ಇತ್ತು. ಬೆಳಕನ್ನು ಮೆಲ್ಲಗೆ ಹಂಚಿನ ಮೇಲೆ ಸರಿಸಿದ, ಹಂಚು ಕೆಂಪಾಯಿತು. ಬೂದಿಯಂತಿದ್ದ ಹಡಗಿನ ಪಕ್ಕೆಗಳ ಮೇಲೆ ಸರಿಸಿದ, ಕೇಸರಿ, ನೇರಳೆ, ಹಳದಿ, ಏನೇನೋ ಅಂಟಿಕೊಂಡು ಬೆಳೆದ ಜೀವಗಳೆಲ್ಲ ಒಮ್ಮೆಲೇ ಬಣ್ಣ ತಳೆದವು. ಕಡೆಗೆ ಆ ಬೀಸಣಿಗೆ ಮೀನಿನ ಮೇಲೆ. ಅದರ ಪಟ್ಟೆಗಳು ನಮ್ಮ ಪಟ್ಟಿಯ ಕೆಂಪೇ. ಬಾಜು ಹಿಡಿದು ಹೊಂದಿಸಿದೆ, ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಆಳಕ್ಕೆ ಹೋದಂತೆ ಸೂರ್ಯನ ಕೆಂಪನ್ನು ನೀರು ನುಂಗುತ್ತದೆ, ಬಣ್ಣ ಹೋಗುವುದಿಲ್ಲ ಕಾಣುವುದಿಲ್ಲ ಅಷ್ಟೇ, ಎಂದು ದೀಪಕ ಆಮೇಲೆ ವಿವರಿಸಿದ. ಆ ಹೊತ್ತಿಗೆ ನನಗೆ ವಿವರಣೆ ಬೇಕಿರಲಿಲ್ಲ. ಇನ್ನೂ ಹತ್ತಿರದಿಂದ ನೋಡಲು ಕೈ ಮುಂದೆ ಚಾಚಿದೆ. ದೀಪಕ ತಟ್ಟನೆ ನನ್ನ ಕೈ ಹಿಂದಕ್ಕೆ ಎಳೆದ.

ಮೇಲೆ ಬಂದ ಮೇಲೆ ಬಾಯಿಂದ ನಳಿಗೆ ತೆಗೆದವಳೇ, ಸೆರಗಿಲ್ಲ, ಮರ್ಯಾದೆಯಿಲ್ಲ, ನಡುಸಮುದ್ರದಲ್ಲಿ ತೇಲುತ್ತ ಅಳಿಯನ ಹೆಗಲು ಹಿಡಿದು ಅಲುಗಾಡಿಸಿ ಕೂಗಿದೆ.

"ಏ ದೀಪಕಾ, ನೋಡಿದೇನೋ? ರೆಕ್ಕಿ ಮುಚ್ಚೂದಽ ಇಲ್ಲಲ್ಲೋ ಅವು!"

ದೋಣಿಯಲ್ಲಿ ನಮ್ಮ ಮನೆಯವರ ಕೈಯಿಂದ ನಿಂಬೆಹಣ್ಣು ಬಿತ್ತು. ದೀಪಕ ಮಾತ್ರ ಎರಡು ವರ್ಷದಿಂದ ಇದಕ್ಕೇ ಕಾಯುತ್ತಿದ್ದವನ ಹಾಗೆ ಮುಖ ಅರಳಿಸಿ ನಕ್ಕ. ಕೈ ಎಳೆದದ್ದು ಏಕೆಂದು ಆಗ ಹೇಳಿದ. ಆ ಮೀನಿನ ಬೆನ್ನಿನ ಕಡ್ಡಿಗಳು ಅಸಲಿಗೆ ವಿಷದ ಮುಳ್ಳುಗಳು. ಅವನ ಅಪ್ಪ ಒಮ್ಮೆ ಬಲೆ ಬಿಡಿಸುವಾಗ ಚುಚ್ಚಿಸಿಕೊಂಡು ಮೂರು ದಿನ ಕೈ ಊದಿಸಿಕೊಂಡು ಒದ್ದಾಡಿದ್ದರಂತೆ. ಅಂಥ ಗಟ್ಟಿ ಮನುಷ್ಯ ಅತ್ತದ್ದನ್ನು ತಾನು ನೋಡಿದ್ದು ಅದೊಂದೇ ಸಲ ಎಂದ.

ಊರಿಗೆ ಬಂದು ಆ ಹನ್ನೊಂದು ಮೀನಿನ ಹಳೆಯ ಹಲಗೆಯನ್ನು ಕೆರೆದು ನುಣ್ಣಗೆ ಮಾಡಿದೆ. ಎರಡು ತಿಂಗಳು ಆ ಒಂದೇ ಕೆಲಸ. ಬೇರೆ ಗಿರಾಕಿಗಳು ಬೈದರು. ಒದ್ದೆ ಬಟ್ಟೆ, ಬಣ್ಣ, ಹೊಳಪಿಗೆ ತಿಕ್ಕುವ ಕೇದಿಗೆಯ ಗರಿ, ಮತ್ತೆ ಕೆರೆಯುವುದು. ಎರಡು ಸಲ ರೆಕ್ಕೆಗಳು ಸತ್ತೇ ಹುಟ್ಟಿದವು. ಮೂರನೇ ಸಲ ಬಾಲಗಳು ಬಾಗಿದವು, ಗುಂಪು ತಿರುಗಿತು. ಆ ಕೆಂಪು ಪಟ್ಟೆಯ ಮೀನನ್ನು ಹಲಗೆಯ ನಡುವೆ, ಮೇಲಿನ ಅಂಚಿನ ಹತ್ತಿರ ಬರೆದೆ, ಅದರ ಮುಳ್ಳುಗಳನ್ನು ಒಂದೊಂದಾಗಿ ಎಳೆದೆ. ಕಣ್ಣುಗಳನ್ನು ಪೂರ್ವಕ್ಕೆ ಮುಖ ಮಾಡಿಯೇ ಬರೆದೆ. ಉಸಿರು ಮಾತ್ರ ಹಿಡಿಯಲಿಲ್ಲ. ಅಪ್ಪ ಕ್ಷಮಿಸಲಿ. ಆದರೂ ಮೀನು ಬದುಕಿದೆಯೋ ಇಲ್ಲವೋ ಎಂದು ಬರೆದವಳಿಗೆ ತಿಳಿಯುವುದಿಲ್ಲ. ಹೇಳಬೇಕಾದವರು ಬೇರೆ ಇದ್ದರು.

ಫೆಬ್ರವರಿಯಲ್ಲಿ ಗಿರಿಜಾಳಿಗೆ ಹೆಣ್ಣು ಕೂಸು ಹುಟ್ಟಿತು. ಹದಿಮೂರನೇ ದಿನ ತೊಟ್ಟಿಲಿಗೆ ಹಾಕುವ ಕಾರ್ಯ. ಬೀಗರ ಕಡೆಯವರು ಬೆಳಗಿನ ಬಸ್ಸಿಗೆ ಬಂದರು. ಹೆಂಗಸರು ಕೂಸನ್ನು ತೊಟ್ಟಿಲ ಕೆಳಗಿನಿಂದ ಕೈಯಿಂದ ಕೈಗೆ ದಾಟಿಸಿ, ಹೆಸರಿಟ್ಟು, ಜೋಗುಳ ಶುರು ಮಾಡಿದರು. ಬೀಗರು ಗೋಡೆಗೆ ಒರಗಿ ದೂರವೇ ನಿಂತಿದ್ದರು. ಬಂದಾಗಿನಿಂದ ತೊಟ್ಟಿಲಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನೂ ಕೇಳಿರಲಿಲ್ಲ. ಅಜ್ಜನೂ ಒಮ್ಮೆ ಮಲಗಿಸಲಿ ಎಂದು ಗಿರಿಜಾ ಕೂಸನ್ನು ಅವರ ಕೈಗೆ ಕೊಟ್ಟಳು.

ಅವರು ಎರಡೂ ಕೈಯಲ್ಲಿ ಕೂಸನ್ನು ಹಿಡಿದು ತೊಟ್ಟಿಲ ಹತ್ತಿರ ಬಂದರು. ಬಾಗಿದರು. ಕಣ್ಣು ಕೂಸಿನ ಮುಖದ ಮೇಲಿತ್ತು. ಕೂಸು ಕಾಲು ಝಾಡಿಸಿತು. ಹಲಗೆಯ ಅಂಚಿನಲ್ಲಿ ಅದರ ಪುಟ್ಟ ಪಾದ ಇನ್ನೇನು ಕೆಂಪು ಪಟ್ಟೆಯ ಮೀನಿನ ಬೆನ್ನಿಗೆ ತಾಗಬೇಕು, ಬೀಗರು ಸರಕ್ಕನೆ ಕೂಸನ್ನು ಎದೆಗೆ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಎರಡೂ ಪಾದಗಳನ್ನು ಒಂದೇ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದರು.

"ಮುಳ್ಳು," ಅಂದರು.

ಜೋಗುಳ ನಿಂತಿತು. ಅವರು ಹಲಗೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅದು ಬಣ್ಣವೆಂದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು, ತಿಳಿಯಿತೆಂದು ನನಗೂ ಕಂಡಿತು. ಆದರೂ ಪಾದ ಮುಚ್ಚಿದ ಕೈ ತೆಗೆಯಲಿಲ್ಲ. ನನ್ನ ಕಡೆ ಒಮ್ಮೆ ತಲೆಯಾಡಿಸಿ, ತೊಟ್ಟಿಲನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಅಲ್ಲಿಂದ ಕೂಸನ್ನು ಮಲಗಿಸಿದರು.